ಫ್ಲೋರಿಡಾದಲ್ಲಿ 2025ರ ಡಿಸೆಂಬರ್ 31ರವರೆಗೆ ಗನ್‌ಗೆ ಸೇಲ್ಸ್ ಟ್ಯಾಕ್ಸ್ ಇಲ್ಲ: ಈಗಲೇ ತಗೊಳ್ಳೋದಾ, ಬಿಡೋದಾ?

ಟ್ಯಾಂಪಾ ತಿಮ್ಮ (ನವೆಂಬರ್ 2025)
ಎಲ್ಲರಿಗೂ ನಮಸ್ಕಾರ. ನಾನಿರುವುದು ಟ್ಯಾಂಪಾದಲ್ಲಿ, ಗ್ರೀನ್ ಕಾರ್ಡ್ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಈ ವರ್ಷ ಸೆಪ್ಟೆಂಬರ್ 8ರಿಂದ ಡಿಸೆಂಬರ್ 31ರವರೆಗೆ ಫ್ಲೋರಿಡಾದಲ್ಲಿ ಗನ್, ಗುಂಡು, ಹೋಲ್‌ಸ್ಟರ್, ಸ್ಕೋಪ್, ಕ್ಲೀನಿಂಗ್ ಕಿಟ್ ಯಾವುದಕ್ಕೂ ಸೇಲ್ಸ್ ಟ್ಯಾಕ್ಸ್ ಇಲ್ಲ. ಬಿಲ್ಲು ಬಾಣಕ್ಕೂ ಇಲ್ಲ. 'ಸೆಕೆಂಡ್ ಅಮೆಂಡ್‌ಮೆಂಟ್ ಸೇಲ್ಸ್ ಟ್ಯಾಕ್ಸ್ ಹಾಲಿಡೇ' ಅಂತ ಹೆಸರು, ಗನ್ ಇಟ್ಟುಕೊಳ್ಳುವ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿಯ ಹೆಸರಿನ ತೆರಿಗೆ ರಜೆ.

ಮನೆಯಲ್ಲಿ ಒಂದು ಪಿಸ್ತೂಲು ಇರಲಿ ಅಂತ ಬಹಳ ದಿನದಿಂದ ಯೋಚನೆ ಇದೆ. ಹೆಂಡತಿಗೆ ಸುತರಾಂ ಇಷ್ಟವಿಲ್ಲ. ಆಫೀಸಿನಲ್ಲಿ ಜತೆಗಿರುವವನು ಮಾತ್ರ "ಈಗ ತಗೊಳ್ಳದೆ ಇನ್ಯಾವಾಗ" ಅಂತ ದಿನಾ ಕಿವಿ ಕಚ್ಚುತ್ತಾನೆ. ನಿಜವಾಗಿ ಎಷ್ಟು ಉಳಿಯುತ್ತದೆ? ಬೇರೆ ರಾಜ್ಯಗಳಲ್ಲೂ ಹೀಗಿದೆಯಾ? ಊರಲ್ಲಿ ಕೋವಿಗೆ ತೆರಿಗೆ ಎಷ್ಟು ಅಂತಲೂ ಕುತೂಹಲ. ತಿಳಿದವರು ಹೇಳಿ.

ಲೆಕ್ಕದ ಲಕ್ಷ್ಮಿ
ಲೆಕ್ಕ ಸುಲಭ ಸರ್. ರಾಜ್ಯದ ತೆರಿಗೆ 6%. ನಿಮ್ಮ ಹಿಲ್ಸ್‌ಬರೋ ಕೌಂಟಿಯದು ಮೇಲೆ 1.5%. ಒಟ್ಟು 7.5%. 600 ಡಾಲರಿನ ಪಿಸ್ತೂಲಿಗೆ 45 ಡಾಲರ್ ಉಳಿತಾಯ. ಅಷ್ಟೇ.

ಆ 45 ಡಾಲರ್ ಕೂಡ ಪೂರ್ತಿ ಉಳಿಯುತ್ತದೆ ಅಂದುಕೊಳ್ಳಬೇಡಿ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ರಾಜ್ಯದಿಂದ ತರಿಸಿದರೆ ಅದು ನೇರ ಮನೆಗೆ ಬರುವುದಿಲ್ಲ. ಲೈಸೆನ್ಸ್ ಇರುವ ನಿಮ್ಮೂರಿನ ಡೀಲರ್ ಅಂಗಡಿಗೆ ಬರಬೇಕು. ಅವನು ಟ್ರಾನ್ಸ್‌ಫರ್ ಫೀ ಅಂತ 25, 50 ಡಾಲರ್ ಇಟ್ಟುಕೊಳ್ಳುತ್ತಾನೆ. ತೆರಿಗೆಯಲ್ಲಿ ಉಳಿದದ್ದು ಅಲ್ಲಿಗೆ ಹೋಯಿತು.

ಎಚ್‌1ಬಿ ಹನುಮ
ಗುರು, ನಾನೂ ಒರ್ಲಾಂಡೋದಲ್ಲೇ ಇದ್ದೇನೆ. ನಾನು ತಗೊಳ್ಳಬಹುದಾ? ಅಂಗಡಿಯವನು "ನೋ ಪ್ರಾಬ್ಲಮ್" ಅಂದ.

ಲೆಕ್ಕದ ಲಕ್ಷ್ಮಿ
@ಹನುಮ, ಅಂಗಡಿಯವನಿಗೆ ಪ್ರಾಬ್ಲಮ್ ಇಲ್ಲ, ನಿಮಗಿದೆ. ಎಚ್‌1ಬಿ ಅಂದರೆ ಕಾನೂನಿನ ಲೆಕ್ಕದಲ್ಲಿ ನಾನ್-ಇಮಿಗ್ರಂಟ್, ಅಂದರೆ ತಾತ್ಕಾಲಿಕ, ವೀಸಾ. ಫೆಡರಲ್ (ಅಮೆರಿಕದ ಕೇಂದ್ರ) ಕಾನೂನಿನ ಪ್ರಕಾರ ಆ ವೀಸಾದವರು ಗನ್ ಆಗಲಿ, ಒಂದು ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೆಲವು ವಿನಾಯಿತಿಗಳಿವೆ. ಅದರಲ್ಲಿ ಜನ ಜಾಸ್ತಿ ಬಳಸುವುದು ಬೇಟೆಯ ಲೈಸೆನ್ಸ್. ಯಾವುದಾದರೂ ರಾಜ್ಯದ ಹಂಟಿಂಗ್ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಕೊಳ್ಳಬಹುದು. ಅದರ ಅವಧಿ ಮುಗಿದ ಮೇಲೂ ಗನ್ ಮನೆಯಲ್ಲೇ ಇದ್ದರೆ ತಪ್ಪಾಗುತ್ತದೆ. 45 ಡಾಲರಿಗೆ ವೀಸಾ ಕಳೆದುಕೊಳ್ಳಬೇಡಿ. ವಕೀಲರನ್ನು ಕೇಳದೆ ಅಂಗಡಿ ಮೆಟ್ಟಿಲು ಹತ್ತಬೇಡಿ.

ಎಚ್‌1ಬಿ ಹನುಮ
ಅಯ್ಯಪ್ಪಾ. ನಾನು ಟೆಂಟ್ ತಗೊಳ್ಳುತ್ತೇನೆ ಬಿಡಿ.

ಲೆಕ್ಕದ ಲಕ್ಷ್ಮಿ
ಟೆಂಟ್‌ಗೂ ಇದೇ ಅವಧಿಯಲ್ಲಿ ತೆರಿಗೆ ಇಲ್ಲ. ಆದರೆ 200 ಡಾಲರ್ ಒಳಗಿರಬೇಕು. 201 ಆದರೆ ಪೂರ್ತಿ ಮೊತ್ತಕ್ಕೆ ತೆರಿಗೆ ಬೀಳುತ್ತದೆ. ಮಡಚುವ ಕುರ್ಚಿ, ಸ್ಲೀಪಿಂಗ್ ಬ್ಯಾಗ್ 50 ಡಾಲರ್ ಒಳಗೆ. ಲ್ಯಾಂಟರ್ನ್, ಟಾರ್ಚು 30ರ ಒಳಗೆ. ಗಾಳ 75ರ ಒಳಗೆ.

ನನಗೆ ಸಿಟ್ಟು ಬರುವುದು ಇಲ್ಲೇ. ಕುರ್ಚಿಗೆ ಮಿತಿ, ಗಾಳಕ್ಕೆ ಮಿತಿ. ಗನ್‌ಗೆ ಮಾತ್ರ ಮಿತಿಯೇ ಇಲ್ಲ. 5,000 ಡಾಲರಿನ ರೈಫಲ್ ಕೊಳ್ಳುವವನಿಗೆ ಟ್ಯಾಂಪಾದಲ್ಲಿ 375 ಡಾಲರ್ ಉಳಿತಾಯ. ಬಡವರಿಗೆ ಸಹಾಯ ಅಂತ ಹೇಳುವ ತೆರಿಗೆ ರಜೆ ಹೀಗಿರುತ್ತದಾ?

ಜಾಕ್ಸನ್ ಮಾಸ್ತರ
ಮಿಸಿಸಿಪ್ಪಿಯಿಂದ ಬರೆಯುತ್ತಿದ್ದೇನೆ. ಇದು ಫ್ಲೋರಿಡಾದವರು ಕಂಡುಹಿಡಿದದ್ದೇನಲ್ಲ. ನಮ್ಮಲ್ಲಿ 2014ರಿಂದಲೇ 'ಸೆಕೆಂಡ್ ಅಮೆಂಡ್‌ಮೆಂಟ್ ವೀಕೆಂಡ್' ಇದೆ. ಪಕ್ಕದ ಲೂಯಿಸಿಯಾನದಲ್ಲಿ 2009ರಲ್ಲೇ ಶುರುವಾಯಿತು. ಎರಡೂ ಕಡೆ ಶುಕ್ರವಾರದಿಂದ ಭಾನುವಾರ, ಬೇಟೆಯ ಹಂಗಾಮು ಶುರುವಾಗುವ ಹೊತ್ತಿಗೆ. ಫ್ಲೋರಿಡಾದವರು ವಾರಾಂತ್ಯವನ್ನು ಎಳೆದು ಎಳೆದು ಸುಮಾರು ನಾಲ್ಕು ತಿಂಗಳು ಮಾಡಿದರು, ಅಷ್ಟೇ ಹೊಸದು.

ಒಂದು ವಿಷಯ ಕೇಳಿ. ಮಿಸಿಸಿಪ್ಪಿಯಲ್ಲಿ ಅಕ್ಕಿ, ಹಾಲು, ತರಕಾರಿಗೂ ಸೇಲ್ಸ್ ಟ್ಯಾಕ್ಸ್ ಇದೆ. ಬಹಳ ವರ್ಷ 7% ಇತ್ತು. ಈ ಜುಲೈ 1ರಿಂದ 5%ಗೆ ಇಳಿಸಿದ್ದಾರೆ. ಅಂದರೆ ಹತ್ತು ವರ್ಷ ನಮ್ಮಲ್ಲಿ ಶಾಟ್‌ಗನ್‌ಗೆ ತೆರಿಗೆ ರಜೆ ಇತ್ತು, ಬೇಳೆಗೆ ಒಂದು ದಿನವೂ ಇರಲಿಲ್ಲ. ಬಡವರು ಜಾಸ್ತಿ ಇರುವ ರಾಜ್ಯ ಇದು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದರೆ ಅರ್ಧ ಜನ ನಗುತ್ತಾರೆ, ಅರ್ಧ ಜನ "ಎರಡಕ್ಕೂ ತೆರಿಗೆ ಬೇಡ" ಅನ್ನುತ್ತಾರೆ.

ಸ್ವತಂತ್ರ ಶೆಟ್ರು
ಆ ಎರಡನೇ ಅರ್ಧ ಜನ ಹೇಳಿದ್ದೇ ಸರಿ. ಅಕ್ಕಿಗೆ ತೆರಿಗೆ ಇದ್ದರೆ ಅಕ್ಕಿಯ ತೆರಿಗೆ ತೆಗೆಯಿರಿ ಅಂತ ಕೇಳಿ. ಗನ್‌ಗೂ ಹಾಕಿ ಅಂತ ಯಾಕೆ ಕೇಳುತ್ತೀರಿ?

ಗನ್ ಇಟ್ಟುಕೊಳ್ಳುವುದು ಇಲ್ಲಿ ಸಂವಿಧಾನ ಕೊಟ್ಟ ಹಕ್ಕು. ಹಕ್ಕನ್ನು ಬಳಸುವುದಕ್ಕೆ ಸರ್ಕಾರಕ್ಕೆ ಕಾಸು ಯಾಕೆ ಕೊಡಬೇಕು? ವೋಟು ಹಾಕುವುದಕ್ಕೆ ತೆರಿಗೆ ಕೇಳುತ್ತಿದ್ದರು, ಫೆಡರಲ್ ಚುನಾವಣೆಗಳಲ್ಲಿ ಅದನ್ನು 1964ರ ತಿದ್ದುಪಡಿ ನಿಲ್ಲಿಸಿತು. ಮಿನೆಸೋಟಾದಲ್ಲಿ ಪತ್ರಿಕೆಗಳ ಕಾಗದ ಮತ್ತು ಶಾಯಿಗೆ ಪ್ರತ್ಯೇಕ ತೆರಿಗೆ ಹಾಕಿದ್ದರು, 1983ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಅದೇ ನ್ಯಾಯ ಇಲ್ಲೂ ಬೇಕು.

ಜಾಕ್ಸನ್ ಮಾಸ್ತರ
ಶೆಟ್ರೇ, ಆ 1983ರ ತೀರ್ಪನ್ನು ಪೂರ್ತಿ ಓದಿ. ಪತ್ರಿಕೆಗೆ ಮಾತ್ರ ಅಂತ ಬೇರೆ ತೆರಿಗೆ ಹಾಕಬಾರದು ಅಂತ ಅಲ್ಲಿದೆ. ಎಲ್ಲ ವ್ಯಾಪಾರಕ್ಕೂ ಇರುವ ಸಾಮಾನ್ಯ ತೆರಿಗೆಯನ್ನು ಪತ್ರಿಕೆಯೂ ಕಟ್ಟಬಹುದು ಅಂತಲೂ ಅಲ್ಲೇ ಇದೆ. ಸೇಲ್ಸ್ ಟ್ಯಾಕ್ಸ್ ಎಲ್ಲದಕ್ಕೂ ಇರುವ ತೆರಿಗೆ. ಚಪ್ಪಲಿಗೆ ಎಷ್ಟೋ ಗನ್‌ಗೂ ಅಷ್ಟೇ. ಅದರಿಂದ ಹಕ್ಕು ಹೋಗುವುದಿಲ್ಲ.

ಸ್ವತಂತ್ರ ಶೆಟ್ರು
ಹಾಗಾದರೆ ಕ್ಯಾಲಿಫೋರ್ನಿಯಾದ 11% ಏನು? ಅದು ಗನ್‌ಗೆ ಮಾತ್ರ ಅಂತಲೇ ಹಾಕಿದ್ದು ಅಲ್ವಾ?

ಬೇ ಏರಿಯಾ ಬಸವ
ಹೌದು, ನಮ್ಮಲ್ಲಿ 2024ರ ಜುಲೈ 1ರಿಂದ ಗನ್, ಗನ್ ಬಿಡಿಭಾಗ, ಗುಂಡು ಮೂರಕ್ಕೂ 11% ಎಕ್ಸೈಸ್ ತೆರಿಗೆ. ಇದು ಮಾಮೂಲಿ ಸೇಲ್ಸ್ ಟ್ಯಾಕ್ಸಿನ ಮೇಲೆ. ಕಟ್ಟುವವನು ಅಂಗಡಿಯವನು, ಆದರೆ ಕೊನೆಗೆ ಗಿರಾಕಿಯ ಬಿಲ್ಲಿಗೇ ಬರುತ್ತದೆ. ಪೊಲೀಸರು ಕೊಂಡರೆ ವಿನಾಯಿತಿ. ಮೂರು ತಿಂಗಳಿಗೆ 5,000 ಡಾಲರಿಗಿಂತ ಕಡಿಮೆ ವ್ಯಾಪಾರ ಇರುವ ಚಿಲ್ಲರೆ ಅಂಗಡಿಗೂ ವಿನಾಯಿತಿ. ಬಂದ ಹಣ ಹಿಂಸೆ ತಡೆಯುವ ಕಾರ್ಯಕ್ರಮ, ಶಾಲೆಗಳ ಸುರಕ್ಷತೆಗೆ ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಕೇಸು ನಡೆಯುತ್ತಿದೆ.

ಕೊಲರಾಡೋದವರು ನೇರ ಜನರನ್ನೇ ಕೇಳಿದರು. 2024ರ ನವೆಂಬರಿನಲ್ಲಿ ಮತ ಹಾಕಿಸಿ, ಗೆದ್ದು, ಈ ಏಪ್ರಿಲ್ 1ರಿಂದ 6.5% ಹಾಕಿದ್ದಾರೆ.

ಸಿಯಾಟಲ್ ಸೋನೆ
ನಮ್ಮೂರನ್ನು ಮರೆತಿರಿ. ಸಿಯಾಟಲ್ ನಗರದೊಳಗೆ ಪ್ರತಿ ಗನ್‌ಗೆ 25 ಡಾಲರ್, ಪ್ರತಿ ಗುಂಡಿಗೆ 2 ಅಥವಾ 5 ಸೆಂಟ್. 2017ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ "ಇದು ತೆರಿಗೆಯೇ, ನಗರಕ್ಕೆ ಹಾಕುವ ಅಧಿಕಾರ ಇದೆ" ಅಂದಿತು. ಶಿಕಾಗೋ ಇರುವ ಕುಕ್ ಕೌಂಟಿಯಲ್ಲೂ ಹೆಚ್ಚುಕಡಿಮೆ ಇಂಥದ್ದೇ ತೆರಿಗೆ, ಅಲ್ಲೂ 25 ಡಾಲರ್. 2021ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಮೊದಲಿಗೆ ವರ್ಷಕ್ಕೆ 3 ಲಕ್ಷದಿಂದ 5 ಲಕ್ಷ ಡಾಲರ್ ಬರುತ್ತದೆ ಅಂತ ಸಿಯಾಟಲ್ ಅಂದಾಜು ಹಾಕಿತ್ತು. ಅದರ ಹತ್ತಿರವೂ ಬರಲಿಲ್ಲ. ಕೊಳ್ಳುವವರು ಊರ ಗಡಿ ದಾಟಿ ಪಕ್ಕದ ಊರಿಗೆ ಹೋದರು, ಒಂದು ಅಂಗಡಿಯೂ ಊರು ಬಿಟ್ಟಿತು. ತೆರಿಗೆ ಹಾಕುವವರೂ ಇದನ್ನು ತಿಳಿದುಕೊಳ್ಳಬೇಕು.

ಕುಂದಾಪ್ರದ ಕೂಸು
ಮಾರಾಯ್ರೇ, ಗಡಿ ದಾಟುವ ವ್ಯಾಪಾರ ನಮಗೆ ಹೊಸದಾ? ಪೆಟ್ರೋಲಿಗೆ ಯಾವ ರಾಜ್ಯದಲ್ಲಿ ಕಡಿಮೆ ಅಂತ ನೋಡಿಕೊಂಡು ಕೇರಳ ಗಡಿಯ ತಲಪಾಡಿ ಕಡೆ ಟ್ಯಾಂಕ್ ತುಂಬಿಸುವವರು ನಾವು.

ಸಿಯಾಟಲ್ ಸೋನೆ
ಇಲ್ಲಿ ಹಾಗಾಗಲ್ಲ. ಬೇರೆ ರಾಜ್ಯಕ್ಕೆ ಹೋಗಿ ಪಿಸ್ತೂಲು ತರಲು ಫೆಡರಲ್ ಕಾನೂನು ಬಿಡುವುದಿಲ್ಲ, ನಿಮ್ಮ ರಾಜ್ಯದ ಡೀಲರ್ ಮೂಲಕವೇ ಬರಬೇಕು. ಒಂದೇ ರಾಜ್ಯದ ಒಳಗೆ ಊರಿಂದೂರಿಗೆ ಹೋಗಬಹುದು. ಅದಕ್ಕೇ ನಗರದ ತೆರಿಗೆ ಸೋತಿತು.

ಪೊನ್ನಂಪೇಟೆ ಹುಡುಗ
ಊರಿನ ಬಗ್ಗೆ ಕೇಳಿದ್ದೀರಿ, ನಾನು ಹೇಳುತ್ತೇನೆ. ಕೊಡವರು ಅಂದ ತಕ್ಷಣ "ನಿಮಗೆಲ್ಲಾ ಫ್ರೀ ಅಲ್ವಾ" ಅಂತ ಕೇಳುವವರೇ ಜಾಸ್ತಿ. ಫ್ರೀ ಅಲ್ಲ. ನಮಗಿರುವುದು ಲೈಸೆನ್ಸ್ ವಿನಾಯಿತಿ. ತೆರಿಗೆ ವಿನಾಯಿತಿ ಅಲ್ಲ. ಮಡಿಕೇರಿಯಲ್ಲಿ ತೋಟಾ ಕೊಂಡರೆ ಬೇರೆಯವರ ಹಾಗೇ ಜಿಎಸ್‌ಟಿ ಕಟ್ಟುತ್ತೇವೆ.

1861ರಲ್ಲಿ, ಮಾರ್ಕ್ ಕಬ್ಬನ್ ಕಾಲದಲ್ಲಿ, ಕೊಡವರಿಗೆ ಆಯುಧ ಕಾನೂನಿನಿಂದ ಬಿಡುಗಡೆ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೂ ಕೇಂದ್ರ ಸರ್ಕಾರ ಅದನ್ನು ಮುಂದುವರಿಸಿತು. ಕೊಡವರು ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರು ಇಬ್ಬರಿಗೂ ಇದೆ. ಈಗಿನ ಆದೇಶ 2029ರ ಅಕ್ಟೋಬರ್ 31ರವರೆಗೆ. ಹೈಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದ್ದರು, 2021ರಲ್ಲಿ ಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ನಮ್ಮಲ್ಲಿ ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್ ಪೊಳ್ದ್, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬದ ದಿನ ಕೋವಿಯನ್ನು ದೀಪ ಹಚ್ಚಿಡುವ ನೆಲ್ಲಕ್ಕಿ ಕೋಣೆಯಲ್ಲಿಟ್ಟು, ತೋಕ್‌ಪೂವ್ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಅದಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೋವಿ ಮನೆಯ ಹಿರಿಯರ ಹಾಗೆ, ಗೌರವದಿಂದ ಇರುತ್ತದೆ. ಅಮೆರಿಕದ 'ಸೇಲ್' ಬೋರ್ಡಿಗೂ ಇದಕ್ಕೂ ಹೋಲಿಸಬೇಡಿ.

ಜಯನಗರ 4ನೇ ಬ್ಲಾಕ್
ಕೊಡಗಿನವರು ಹೇಳಿದ್ದು ಸರಿ. ತೆರಿಗೆಯ ಭಾಗ ನಾನು ಸೇರಿಸುತ್ತೇನೆ, ಇದೇ ನನ್ನ ಕಸುಬು.

ಜಿಎಸ್‌ಟಿ ಬಂದಾಗ, ಅಂದರೆ 2017ರಲ್ಲಿ, ರಿವಾಲ್ವರ್ ಮತ್ತು ಪಿಸ್ತೂಲಿಗೆ 28%. ಜೋಡು ನಳಿಗೆ ಕೋವಿ, ಏರ್‌ಗನ್, ತೋಟಾ ಇವಕ್ಕೆ 18%. ಈ ವರ್ಷ ಸೆಪ್ಟೆಂಬರ್ 22ಕ್ಕೆ ದರಗಳೆಲ್ಲ ಬದಲಾದವಲ್ಲ, ಶಾಂಪೂ, ಟೂತ್‌ಪೇಸ್ಟ್ ಎಲ್ಲ 5%ಗೆ ಇಳಿಯಿತು ಅಂತ ಖುಷಿಪಟ್ಟೆವಲ್ಲ, ಅವತ್ತೇ ರಿವಾಲ್ವರ್, ಪಿಸ್ತೂಲು 28ರಿಂದ 40%ಗೆ ಹೋಯಿತು. ಕೋಲಾ, ದೊಡ್ಡ ಕಾರು, ಮೋಜಿನ ದೋಣಿ ಇರುವ ಪಟ್ಟಿಗೆ ಅದನ್ನೂ ಸೇರಿಸಿದರು.

ಒಂದು ಲಕ್ಷದ ರಿವಾಲ್ವರಿಗೆ ಮೊದಲು 28,000 ತೆರಿಗೆ, ಈಗ 40,000. ಅದೇ ತಿಂಗಳು 8ನೇ ತಾರೀಕು ಫ್ಲೋರಿಡಾದಲ್ಲಿ ತೆರಿಗೆ ಸೊನ್ನೆಯಾಯಿತು. ಎರಡು ವಾರದ ಅಂತರ.

ಸ್ವತಂತ್ರ ಶೆಟ್ರು
40%! ಹಗಲು ದರೋಡೆ ಇದು. ಲೈಸೆನ್ಸ್ ಸಿಗುವುದಕ್ಕೇ ಚಪ್ಪಲಿ ಸವೆಯಬೇಕು, ಸಿಕ್ಕ ಮೇಲೆ ಹೀಗೆ.

ಜಯನಗರ 4ನೇ ಬ್ಲಾಕ್
ಶೆಟ್ರೇ, ಭಾರತದಲ್ಲಿ ಅದು ಹಕ್ಕಲ್ಲ, ಸರ್ಕಾರ ಕೊಡುವ ಅನುಮತಿ. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರಿತ್ತು. ಕೊಳ್ಳುವವರೇ ಕಡಿಮೆ, ಇದರಿಂದ ಖಜಾನೆ ತುಂಬುತ್ತದೆ ಅಂತ ಯಾರೂ ನಂಬಿಲ್ಲ. ಐಷಾರಾಮಿ ಪಟ್ಟಿಗೆ ಹಾಕಿದ್ದು ಒಂದು ಸಂದೇಶ. ಫ್ಲೋರಿಡಾದಲ್ಲಿ ಸೊನ್ನೆ ಮಾಡಿದ್ದೂ ಸಂದೇಶವೇ. ಎರಡು ಕಡೆಯೂ ಗಲ್ಲಾಪೆಟ್ಟಿಗೆ ನೋಡಿ ಮಾಡಿದ್ದಲ್ಲ, ವೋಟು ನೋಡಿ ಮಾಡಿದ್ದು ಅಂತ ನನ್ನ ಅಭಿಪ್ರಾಯ.

ಹತ್ತು ಮೀಟರ್
ಒಂದು ತಿದ್ದುಪಡಿ. 40% ಅಂದ ತಕ್ಷಣ ನಮ್ಮ ಶೂಟಿಂಗ್ ಕ್ಲಬ್ಬಿನ ಮಕ್ಕಳ ಅಪ್ಪ ಅಮ್ಮಂದಿರು ಗಾಬರಿಯಾಗಿದ್ದರು. ಏರ್ ಪಿಸ್ತೂಲು ಆ 40%ರಲ್ಲಿ ಬರುವುದಿಲ್ಲ. ಅದರ ಎಚ್‌ಎಸ್‌ಎನ್ (ತೆರಿಗೆಗಾಗಿ ವಸ್ತು ಗುರುತಿಸುವ) ಸಂಖ್ಯೆಯೇ ಬೇರೆ, 9304. 40% ಇರುವುದು 9302ಕ್ಕೆ. ಬಿಲ್ಲಿನಲ್ಲಿ ಸಂಖ್ಯೆ ನೋಡಿಕೊಳ್ಳಿ. ಒಬ್ಬ ವ್ಯಾಪಾರಿ ನಮ್ಮ ಹುಡುಗನ ಏರ್ ಪಿಸ್ತೂಲಿಗೆ ಮೇಲಿನ ದರ ಹಾಕಿ ಕೊಟೇಶನ್ ಕಳಿಸಿದ್ದ. ಜಗಳ ಮಾಡಿ ಬದಲಾಯಿಸಿದೆವು.

ಜಯನಗರ 4ನೇ ಬ್ಲಾಕ್
ಸರಿಯಾಗಿ ಹೇಳಿದಿರಿ. ಸಾಧನೆ ಮಾಡಿದ ಶೂಟರ್‌ಗಳನ್ನು ನಿಯಮದಲ್ಲಿ 'ರಿನೌನ್ಡ್ ಶಾಟ್' ಅಂತ ಗುರುತಿಸುತ್ತಾರೆ, ಅವರಿಗೆ ಆಮದು ಸುಂಕದಲ್ಲಿ ಬೇರೆ ರಿಯಾಯಿತಿ ಇದೆ. ನಮ್ಮ ದೇಶದಲ್ಲಿ ಆಯುಧಕ್ಕೆ ತೆರಿಗೆ ವಿನಾಯಿತಿ ಅಂತ ಹೇಳಬಹುದಾದರೆ ಹೆಚ್ಚಾಗಿ ಅದೇ. ಆಟಕ್ಕೆ.

ಅಕ್ಕನ ಮಾತು
ಇಷ್ಟು ಹೊತ್ತು ಎಲ್ಲರೂ ಪರ್ಸೆಂಟು ಲೆಕ್ಕ ಹಾಕಿದಿರಿ. ತಿಮ್ಮಣ್ಣ, ಮನೆಯಲ್ಲಿ ಮಕ್ಕಳಿದ್ದಾರಾ?

ಟ್ಯಾಂಪಾ ತಿಮ್ಮ
ಇದ್ದಾನೆ ಅಕ್ಕ, ಮಗ. ಎರಡನೇ ಕ್ಲಾಸು.

ಅಕ್ಕನ ಮಾತು
ಹಾಗಾದರೆ ನಿಮ್ಮ ಮನೆಯವರು ಹೇಳುವುದನ್ನು ಸ್ವಲ್ಪ ಕೇಳಿ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. 2020ರಿಂದ ಈ ದೇಶದಲ್ಲಿ ಮಕ್ಕಳು, ಹದಿಹರೆಯದವರ ಸಾವಿಗೆ ಮೊದಲನೇ ಕಾರಣ ಗನ್. ಕಾರು ಅಪಘಾತವನ್ನೂ ಮೀರಿಸಿದೆ. ಅಂಕಿಗಿಂತ ನೋಡಿದ್ದು ಜಾಸ್ತಿ ಕಾಡುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ತಗೊಳ್ಳಬೇಡಿ ಅಂತ ಹೇಳುವುದಕ್ಕೆ ನಾನ್ಯಾರು? ಆದರೆ ತಗೊಂಡರೆ ಅದೇ ದಿನ ಲಾಕ್‌ಬಾಕ್ಸೂ ತಗೊಳ್ಳಿ. ಫ್ಲೋರಿಡಾ ಕಾನೂನಿನಲ್ಲೂ ಇದೆ: 16 ವರ್ಷದೊಳಗಿನವರ ಕೈಗೆ ಸಿಗುವ ಸಾಧ್ಯತೆ ಇದ್ದರೆ, ಗುಂಡು ತುಂಬಿದ ಗನ್ನನ್ನು ಬೀಗದಲ್ಲಿಡಬೇಕು ಅಥವಾ ಟ್ರಿಗರ್ ಲಾಕ್ ಹಾಕಬೇಕು. ಬೀರುವಿನ ಮೇಲೆ ಸೀರೆ ಮಡಿಕೆಯ ಕೆಳಗೆ ಅಡಗಿಸಿಟ್ಟರೆ ಮಕ್ಕಳಿಗೆ ಗೊತ್ತಾಗಲ್ಲ ಅನ್ನಬೇಡಿ. ನಮ್ಮ ಚಕ್ಕುಲಿ ಡಬ್ಬಿಯನ್ನೇ ಹುಡುಕುತ್ತಾರೆ ಅವರು.

ಲೆಕ್ಕದ ಲಕ್ಷ್ಮಿ
ಅಕ್ಕ ಹೇಳಿದ್ದಕ್ಕೆ ತೆರಿಗೆಯ ಕಡೆಯಿಂದ ಸೇರಿಸುತ್ತೇನೆ. ಗನ್‌ಗಿಂತ ಗನ್ ಬೀಗಕ್ಕೆ ಇರುವ ವಿನಾಯಿತಿ ಹಳೆಯದು, ಅದರ ಬಗ್ಗೆ ಜಗಳವೂ ಕಡಿಮೆ. ನ್ಯೂಜೆರ್ಸಿಯಲ್ಲಿ ಟ್ರಿಗರ್ ಲಾಕ್ ಮತ್ತು ಗನ್ ತಿಜೋರಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಕನೆಕ್ಟಿಕಟ್‌ನಲ್ಲೂ ಇಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಗನ್ ಸೇಫ್‌ಗೆ ಇಲ್ಲ. ವರ್ಜೀನಿಯಾದಲ್ಲಿ 2020ರ ಜುಲೈನಿಂದ 1,500 ಡಾಲರ್ ಒಳಗಿನ ಗನ್ ಸೇಫ್‌ಗೆ ಇಲ್ಲ. ಈ ಪಟ್ಟಿಯಲ್ಲಿ ಗನ್ ಬೇಡ ಅನ್ನುವ ರಾಜ್ಯಗಳೇ ಜಾಸ್ತಿ ಅನ್ನುವುದನ್ನು ಗಮನಿಸಿ. ನನಗೆ ಬುದ್ಧಿವಂತಿಕೆಯ ವಿನಾಯಿತಿ ಅನ್ನಿಸಿದ್ದು ಇದೊಂದೇ.

ಸ್ವತಂತ್ರ ಶೆಟ್ರು
ಇದಕ್ಕೆ ನನ್ನ ತಕರಾರಿಲ್ಲ. ನನ್ನ ಮನೆಯಲ್ಲೂ ಸೇಫ್ ಇದೆ. ಆದರೆ ವೆಸ್ಟ್ ವರ್ಜೀನಿಯಾ ನೋಡಿ, 2021ರ ಜುಲೈನಿಂದ ಸಣ್ಣ ಆಯುಧ ಮತ್ತು ಗುಂಡಿಗೆ ಸೇಲ್ಸ್ ಟ್ಯಾಕ್ಸೇ ಇಲ್ಲ. ರಜೆಗಿಜೆ ಏನಿಲ್ಲ, ವರ್ಷಪೂರ್ತಿ. ಒರೆಗಾನ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್, ಡೆಲವೇರ್‌ನಲ್ಲಿ ಯಾವ ವಸ್ತುವಿಗೂ ರಾಜ್ಯದ ಸೇಲ್ಸ್ ಟ್ಯಾಕ್ಸ್ ಇಲ್ಲ. ಮೂರು ದಿನದ ರಜೆ ಕೊಟ್ಟು ಎದೆ ತಟ್ಟಿಕೊಳ್ಳುವುದು ಸುಮ್ನೆ ನಾಟಕ.

ಜಾಕ್ಸನ್ ಮಾಸ್ತರ
ನಾಟಕ ಅನ್ನುವುದರಲ್ಲಿ ಮೊದಲ ಸಲ ನಾವಿಬ್ಬರೂ ಒಪ್ಪಿದೆವು ಶೆಟ್ರೇ!

ತೆರಿಗೆ ರಜೆಯಲ್ಲಿ ಆಗುವುದೇನೆಂದರೆ, ಅಕ್ಟೋಬರಿನಲ್ಲಿ ಕೊಳ್ಳಬೇಕೆಂದಿದ್ದವನು ಆಗಸ್ಟಿನಲ್ಲೇ ಕೊಳ್ಳುತ್ತಾನೆ. ಹೊಸ ಗಿರಾಕಿ ಹುಟ್ಟುವುದು ಕಡಿಮೆ. ಅಂಗಡಿಯವನಿಗೂ ಇದು ಗೊತ್ತು. ಮಾಮೂಲಿ ದಿನ 10% ರಿಯಾಯಿತಿ ಕೊಡುವವನು ಆ ವಾರ ರಿಯಾಯಿತಿ ನಿಲ್ಲಿಸಿ "ನೋ ಟ್ಯಾಕ್ಸ್" ಬೋರ್ಡು ಹಾಕಿದರೆ ನಿಮಗೆ ನಷ್ಟವೇ. ತಿಮ್ಮ ಅವರೇ, ಆಗಸ್ಟಿನ ಬೆಲೆ ಎಷ್ಟಿತ್ತು ಅಂತ ನೋಡಿದ್ದೀರಾ?

ಟ್ಯಾಂಪಾ ತಿಮ್ಮ
ನೋಡಿಲ್ಲ ಸರ್. ಹಳೆಯ ಜಾಹೀರಾತು ಹುಡುಕುತ್ತೇನೆ.

ಬೇ ಏರಿಯಾ ಬಸವ
ಇನ್ನೊಂದು ಕಣ್ಣಿಗೆ ಕಾಣದ ತೆರಿಗೆ ಇದೆ. ಸೇಲ್ಸ್ ಟ್ಯಾಕ್ಸ್ ಸೊನ್ನೆ ಮಾಡಿದರೂ ಅದು ಹೋಗುವುದಿಲ್ಲ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾನೂನು. ಕೈಬಂದೂಕಿಗೆ 10%, ಉದ್ದ ಕೋವಿ ಮತ್ತು ಗುಂಡಿಗೆ 11%. ತಯಾರಕ ಅಥವಾ ಆಮದು ಮಾಡುವವನು ಫೆಡರಲ್ ಸರ್ಕಾರಕ್ಕೆ ಕಟ್ಟುತ್ತಾನೆ, ಬೆಲೆಯೊಳಗೇ ಸೇರಿರುತ್ತದೆ. ಆ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಇವತ್ತು ಇಲ್ಲಿ ರಸ್ತೆ ಬದಿಯಲ್ಲಿ ಜಿಂಕೆ, ಕಾಡು ಟರ್ಕಿ ಇಷ್ಟೊಂದು ಕಾಣುತ್ತಿವೆಯಲ್ಲ, ಅದಕ್ಕೆ ಈ ಹಣವೂ ಒಂದು ಕಾರಣ. ಬೇಟೆಗಾರರೇ ಬೆಂಬಲಿಸಿ ತಂದ ತೆರಿಗೆ ಅದು.

ಪೊನ್ನಂಪೇಟೆ ಹುಡುಗ
ಇದು ಗೊತ್ತಿರಲಿಲ್ಲ. ನಮ್ಮ ಕಡೆ ತೋಟಾದ ಜಿಎಸ್‌ಟಿಯಲ್ಲಿ ಒಂದು ಪಾಲು ಆನೆ ಕಂದಕಕ್ಕೆ ಕೊಟ್ಟರೆ ಎಷ್ಟು ಚೆನ್ನಾಗಿರುತ್ತಿತ್ತು. ಕಾಫಿ ತೋಟಕ್ಕೆ ಆನೆ ನುಗ್ಗುವುದು ಈಗ ನಿತ್ಯದ ಮಾತು. ಕೋವಿ ಇದ್ದು ಏನು ಮಾಡುವುದು? ಆಕಾಶಕ್ಕೆ ಹೊಡೆದು ಸದ್ದು ಮಾಡಬಹುದು. ಅದಕ್ಕೂ ತೋಟಾ ಖರ್ಚು.

ಕುಂದಾಪ್ರದ ಕೂಸು
ನಮ್ಮಜ್ಜನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಇತ್ತು. ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಒಪ್ಪಿಸಬೇಕಿತ್ತು. ಪಂಚಾಯ್ತಿ, ಅಸೆಂಬ್ಲಿ, ಲೋಕಸಭೆ ಅಂತ ಒಂದಾದ ಮೇಲೊಂದು. ಕೋವಿ ಠಾಣೆಯಲ್ಲಿರುವಾಗಲೇ ಹಂದಿಗಳು ಬಂದು ಗೆಣಸು ತಿಂದು ಹೋಗುತ್ತಿದ್ದವು. ಹಂದಿಗಳಿಗೆ ನೀತಿ ಸಂಹಿತೆ ಗೊತ್ತಾಗುತ್ತಿತ್ತೋ ಏನೋ ಮಾರಾಯ್ರೇ.

ಎಚ್‌1ಬಿ ಹನುಮ
😂😂

ಟ್ಯಾಂಪಾ ತಿಮ್ಮ
ಹಂದಿ ಅಂದಾಗ ನೆನಪಾಯಿತು. ಇಲ್ಲಿ ಫ್ಲೋರಿಡಾದಲ್ಲೂ ಕಾಡುಹಂದಿ ಕಾಟ ವಿಪರೀತ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ವರ್ಷಪೂರ್ತಿ ಹೊಡೆಯಬಹುದು, ಹಂಟಿಂಗ್ ಲೈಸೆನ್ಸೂ ಬೇಡ.

ಪೊನ್ನಂಪೇಟೆ ಹುಡುಗ
ಏನಂದಿರಿ? ಲೈಸೆನ್ಸ್ ಇಲ್ಲದೆ ಹಂದಿ? ವಿಳಾಸ ಕಳಿಸಿ, ನಮ್ಮ ಕೊಡಗಿನ ಹುಳಿ ಕಾಚಂಪುಳಿ ನಾನು ತರುತ್ತೇನೆ. ಪಂದಿ ಕರಿ ಮಾಡುವ ಜವಾಬ್ದಾರಿ ನನ್ನದು.

ಅಕ್ಕನ ಮಾತು
ರಾಜ್ಯೋತ್ಸವದ ಪಾಟ್‌ಲಕ್‌ಗೆ ತರಬೇಡಿ ಮಾರಾಯ, ಸಂಘದಲ್ಲಿ ಇನ್ನೊಂದು ಜಗಳ ಶುರುವಾಗುತ್ತದೆ. ಹೋದ ಸಲ ಬಿಸಿಬೇಳೆ ಬಾತಿಗೆ ಬೆಳ್ಳುಳ್ಳಿ ಹಾಕಿದ್ದಕ್ಕೇ ಪಂಚಾಯ್ತಿ ಆಗಿತ್ತು.

ನಿರ್ವಾಹಕ
ಬೆಳ್ಳುಳ್ಳಿ ವಿಷಯಕ್ಕೆ ಬೇರೆ ಚರ್ಚೆ ಇದೆ, 300 ಪ್ರತಿಕ್ರಿಯೆ ದಾಟಿದೆ, ದಯವಿಟ್ಟು ಅಲ್ಲಿಗೆ ಹೋಗಿ. ಇನ್ನೊಂದು ಮಾತು: ಇಲ್ಲಿ ಯಾರೂ ಗನ್ ಮಾರುವ, ಕೊಳ್ಳುವ ಸಂದೇಶ ಹಾಕಬೇಡಿ. ಒಬ್ಬರು ಹಾಕಿದ್ದರು, ಅಳಿಸಿದ್ದೇನೆ.

ಸ್ವತಂತ್ರ ಶೆಟ್ರು
ಅದು ನಾನಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ವಿಷಯಕ್ಕೆ ಬರುತ್ತೇನೆ. ದೊಡ್ಡ ಬದಲಾವಣೆ ಫ್ಲೋರಿಡಾದ್ದಲ್ಲ, ಫೆಡರಲ್‌ನದ್ದು. 1934ರಿಂದ ಸೈಲೆನ್ಸರ್, ಗಿಡ್ಡ ನಳಿಗೆಯ ರೈಫಲ್, ಶಾಟ್‌ಗನ್‌ಗೆ 200 ಡಾಲರ್ ತೆರಿಗೆ ಇತ್ತು. ಈ ವರ್ಷದ ದೊಡ್ಡ ತೆರಿಗೆ ಕಾನೂನಿನಲ್ಲಿ ಅದನ್ನು ಸೊನ್ನೆ ಮಾಡಿದ್ದಾರೆ, 2026ರ ಜನವರಿ 1ರಿಂದ. ಮಷಿನ್‌ಗನ್‌ಗೆ 200 ಹಾಗೇ ಇದೆ.

ಜಾಕ್ಸನ್ ಮಾಸ್ತರ
ಆ 200 ಡಾಲರಿನ ಕಥೆ ಮಜವಾಗಿದೆ. 1934ರ 200 ಡಾಲರ್ ಅಂದರೆ ಇವತ್ತಿನ ನಾಲ್ಕು ಸಾವಿರಕ್ಕೂ ಜಾಸ್ತಿ. ಆಗ ಅದು ತೆರಿಗೆ ಅಲ್ಲ, ನಿಷೇಧವೇ. ಗ್ಯಾಂಗ್‌ಸ್ಟರ್‌ಗಳ ಕಾಲ. ಮೊತ್ತವನ್ನು ಯಾವತ್ತೂ ಏರಿಸಲಿಲ್ಲ, ಬೆಲೆ ಏರಿಕೆಯಲ್ಲಿ ಅದೇ ಕರಗಿ ಕೊನೆಗೆ ಒಂದು ಫೀಯಷ್ಟಾಯಿತು. ನೋಂದಣಿ, ಬೆರಳಚ್ಚು ಎಲ್ಲ ಮುಂದುವರಿಯುತ್ತದೆ, ಹೋಗುವುದು ತೆರಿಗೆ ಮಾತ್ರ. ಈಗ ಕೋರ್ಟಿನಲ್ಲಿ "ತೆರಿಗೆಯೇ ಇಲ್ಲ ಅಂದಮೇಲೆ ತೆರಿಗೆ ಕಾನೂನಿನ ನೋಂದಣಿ ಯಾಕೆ" ಅಂತ ವಾದ ಶುರುವಾಗಿದೆ.

ಸೌತ್ ಕ್ಯಾರೊಲಿನಾದ್ದೂ ಕೇಳಿ. 2008ರಲ್ಲಿ ಥ್ಯಾಂಕ್ಸ್‌ಗಿವಿಂಗ್ ಮರುದಿನದಿಂದ ಎರಡು ದಿನ ಗನ್‌ಗೆ ತೆರಿಗೆ ರಜೆ ಅಂತ ಕಾನೂನು ಮಾಡಿದರು. ಬೇರೆ ಬೇರೆ ವಿಷಯಗಳನ್ನು ಒಂದೇ ಮಸೂದೆಗೆ ತುರುಕಿದ್ದರು. ಒಂದು ಮಸೂದೆಗೆ ಒಂದೇ ವಿಷಯ ಅಂತ ಆ ರಾಜ್ಯದ ಸಂವಿಧಾನದಲ್ಲಿದೆ. ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಪೂರ್ತಿ ಕಾನೂನನ್ನೇ ರದ್ದು ಮಾಡಿತು. ಕೇಸು ಹಾಕಿದ್ದು ಗನ್ ವಿರೋಧಿಗಳಲ್ಲ, ಪೆಟ್ರೋಲಿಯಂ ಕಂಪನಿಗಳ ಸಂಘ!

ಲೆಕ್ಕದ ಲಕ್ಷ್ಮಿ
ತಿಮ್ಮ ಸರ್, ತಗೊಳ್ಳುವುದೇ ಆದರೆ ಕೆಲವು ವಿಷಯ. ಫ್ಲೋರಿಡಾದಲ್ಲಿ ಅಂಗಡಿಯಿಂದ ಕೊಳ್ಳಲು 21 ತುಂಬಿರಬೇಕು, ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿ ಆದ ಮೇಲೆ 2018ರಲ್ಲಿ ತಂದ ನಿಯಮ. ದುಡ್ಡು ಕೊಟ್ಟ ಮೇಲೆ ಮೂರು ದಿನ ಕಾಯಬೇಕು, ಅದರಲ್ಲಿ ಶನಿವಾರ, ಭಾನುವಾರ, ಸರ್ಕಾರಿ ರಜೆ ಸೇರುವುದಿಲ್ಲ. ಕ್ರಿಸ್‌ಮಸ್ ವಾರಕ್ಕೆ ಇಟ್ಟುಕೊಳ್ಳಬೇಡಿ. ಗನ್ ಕೊಳ್ಳುವಾಗ ತುಂಬುವ 4473 ಅನ್ನುವ ಫಾರಂನಲ್ಲಿ ಗ್ರೀನ್ ಕಾರ್ಡಿನ ನಂಬರ್ ಬರೆಯಬೇಕು. ಪೌರತ್ವದ ಕಾಲಂನಲ್ಲಿ ಅಮೆರಿಕ ಅಂತ ಕೈತಪ್ಪಿಯೂ ಟಿಕ್ ಹಾಕಬೇಡಿ. ಸುಳ್ಳು ಪೌರತ್ವ ಹೇಳಿದರೆ ಗ್ರೀನ್ ಕಾರ್ಡಿಗೇ ಕುತ್ತು.

ಟ್ಯಾಂಪಾ ತಿಮ್ಮ
ಎಲ್ಲರಿಗೂ ಧನ್ಯವಾದ. ಆಗಸ್ಟಿನ ಜಾಹೀರಾತು ಸಿಕ್ಕಿತು. ನಾನು ನೋಡಿದ್ದ ಮಾಡೆಲ್ ಆಗ 549 ಇತ್ತು. ಈಗ 599, "ನೋ ಟ್ಯಾಕ್ಸ್" ಅಂತ ಕೆಂಪು ಅಕ್ಷರ.

ಜಾಕ್ಸನ್ ಮಾಸ್ತರ
549ಕ್ಕೆ 7.5% ಸೇರಿಸಿ ನೋಡಿ.

ಟ್ಯಾಂಪಾ ತಿಮ್ಮ
590 ಸರ್. ತೆರಿಗೆ ಕಟ್ಟಿದ್ದರೇ 9 ಡಾಲರ್ ಕಡಿಮೆ ಆಗುತ್ತಿತ್ತು!

ಸ್ವತಂತ್ರ ಶೆಟ್ರು
ಅದು ಅಂಗಡಿಯವನ ತಪ್ಪು, ಕಾನೂನಿನದ್ದಲ್ಲ. ಬೇರೆ ಅಂಗಡಿ ನೋಡಿ.

ಅಕ್ಕನ ಮಾತು
ಅಥವಾ ಮನೆಯವರ ಮಾತು ಕೇಳಿ.

ಎಚ್‌1ಬಿ ಹನುಮ
ನನ್ನ ಟೆಂಟ್ 189 ಡಾಲರ್, ತೆರಿಗೆ ಇಲ್ಲ, ಇವತ್ತೇ ಬಂತು. ಥ್ಯಾಂಕ್ಸ್‌ಗಿವಿಂಗ್ ವಾರ ಒಕಾಲಾ ಕಾಡಿಗೆ ಹೋಗುವವರು ಯಾರಾದರೂ ಇದ್ದೀರಾ? ನಾಲ್ಕು ಜನ ಮಲಗಬಹುದು.

ಪೊನ್ನಂಪೇಟೆ ಹುಡುಗ
ಅಲ್ಲಿ ಹಂದಿ ಇದೆಯಾ?